ಲಿಫ್ಟ್ ಕವರ್ ಎತ್ತುವ ಮೊದಲು ಪಕ್ಕದ ಮುಚ್ಚಳ ತೆಗೆದು ನೋಡಿ

ಸಂಪಾದಕರಿಗೆ,

ಮಾನ್ಯರೆ,

ಮುಂಗಾರಿನ ಮೊದಲ ಹದ ಮಳೆ ಬಿದ್ದ ವಾರ ಟ್ರ್ಯಾಕ್ಟರ್ ಗ್ಯಾರೇಜುಗಳ ಮುಂದೆ ಹಳೆಯ ಮ್ಯಾಸ್ಸಿ ಗಾಡಿಗಳು ಬಂದು ನಿಲ್ಲುತ್ತವೆ. ದೂರು ಹೆಚ್ಚುಕಡಿಮೆ ಒಂದೇ: ‘ಹೈಡ್ರಾಲಿಕ್ ಹಿಡ್ಕೊಂಡಿದೆ.’ ಅಂದರೆ ಆಯಿಲಿನ ಒತ್ತಡದಿಂದ ಉಪಕರಣ ಎತ್ತಿಳಿಸುವ ಲಿಫ್ಟ್ ಸಿಕ್ಕಿಕೊಂಡಿದೆ. ಎತ್ತಿದ ಕಲ್ಟಿವೇಟರ್ ಇಳಿಯುವುದಿಲ್ಲ, ಇಲ್ಲವೇ ಇಳಿದದ್ದು ಏಳುವುದಿಲ್ಲ, ಇಲ್ಲವೇ ಲಿವರೇ ಅಲುಗುವುದಿಲ್ಲ. ಬಿತ್ತನೆಯ ಅವಸರ ಬೇರೆ. ಸೀಟು ಕಳಚಿ, ಅದರಡಿಯ ಲಿಫ್ಟ್ ಕವರ್ ಬಿಚ್ಚಿ, ‘ಪಂಪ್ ಹೋಗಿದೆ’ ಎಂದು ಹೇಳಿಸಿಕೊಂಡು ಹೊಸ ಪಂಪಿಗೆ ದುಡ್ಡು ಸುರಿದವರು ಕಡಿಮೆಯಿಲ್ಲ. ಇಂಥ ಗಾಡಿಗಳಲ್ಲಿ ಅನೇಕ ಸಲ ಪಂಪ್ ಚೆನ್ನಾಗಿಯೇ ಇರುತ್ತದೆ. ಅದರ ಮೈಯಲ್ಲೇ ಕೂತಿರುವ ಬೆರಳು ಗಾತ್ರದ ಕಂಟ್ರೋಲ್ ವಾಲ್ವ್ ತುಕ್ಕಿಗೆ ಅಂಟಿಕೊಂಡಿರುತ್ತದೆ. ಅದನ್ನು ನೋಡಲು ಗಾಡಿ ಬಿಚ್ಚಬೇಕಿಲ್ಲ. ಹಿಂಭಾಗದ ಹೌಸಿಂಗಿನ ಬಲಬದಿಯಲ್ಲಿ ಡಿಪ್‌ಸ್ಟಿಕ್ ಇರುವ ಮುಚ್ಚಳ ತೆಗೆದರೆ ಸಾಕು. ಈ ಪತ್ರ ಬರೆಯಲು ಇದೇ ಕಾರಣ.

ಮೊದಲು ಆ ವಾಲ್ವ್ ಮಾಡುವ ಕೆಲಸ ಏನೆಂದು ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗದು. ಹ್ಯಾರಿ ಫರ್ಗುಸನ್ ರೂಪಿಸಿದ ಹೈಡ್ರಾಲಿಕ್ ಪದ್ಧತಿ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ 1946ರಿಂದ 1956ರವರೆಗೆ ತಯಾರಾದ ಟಿಇ20 ಎಂಬ ಬೂದು ಬಣ್ಣದ ಗಾಡಿಯ ಮೂಲಕ ಜಗತ್ತಿನ ತುಂಬ ಹರಡಿತು. ಮುಂದೆ ಮ್ಯಾಸ್ಸಿ ಫರ್ಗುಸನ್ 35ಕ್ಕೆ ಬಂತು. 1960ರಲ್ಲಿ ಮದ್ರಾಸಿನಲ್ಲಿ ಟ್ಯಾಫೆ ಕಂಪನಿ ಶುರುವಾದ ಮೇಲೆ 1035ರ ರೂಪದಲ್ಲಿ ನಮ್ಮ ಹೊಲಗಳಿಗೂ ಇಳಿಯಿತು. ನಡುವೆ ಬಿಡಿಭಾಗ ಎಷ್ಟೋ ಬದಲಾಗಿವೆ, ಮೂಲ ತತ್ವ ಬದಲಾಗಿಲ್ಲ: ಆಯಿಲಿನೊಳಗೇ ಮುಳುಗಿರುವ ನಾಲ್ಕು ಪಿಸ್ಟನ್ನಿನ ಪಂಪ್, ಅದರ ಮೇಲೆ ಲಿಫ್ಟ್ ಕವರಿನ ಅಡಿಯಲ್ಲಿ ಉಪಕರಣ ಎತ್ತುವ ತೋಳುಗಳನ್ನು ಒಂದೇ ಕಡೆಗೆ ತಳ್ಳುವ ರ್‍ಯಾಮ್ ಸಿಲಿಂಡರ್.

ಬೇರೆ ಬಹಳಷ್ಟು ಗಾಡಿಗಳಲ್ಲಿ ಪಂಪ್ ತಳ್ಳಿದ ಆಯಿಲನ್ನು ವಾಲ್ವ್ ಹಂಚುತ್ತದೆ. ಫರ್ಗುಸನ್ ಪದ್ಧತಿಯಲ್ಲಿ ವಾಲ್ವ್ ಇರುವುದು ಪಂಪ್ ಆಯಿಲ್ ಹೀರುವ ಬಾಯಲ್ಲಿ. ನಡುವೆ ನಿಂತರೆ ಹೀರುವ ದಾರಿಯೂ ಮುಚ್ಚಿ, ಸಿಲಿಂಡರಿನಿಂದ ಆಯಿಲ್ ವಾಪಸ್ ಬರುವ ದಾರಿಯೂ ಮುಚ್ಚಿರುತ್ತದೆ. ಪಂಪ್ ಸುಮ್ಮನೆ ತಿರುಗುತ್ತಿರುತ್ತದೆ, ಭಾರ ಇದ್ದಲ್ಲೇ ಇರುತ್ತದೆ. ಒಂದು ಕಡೆಗೆ ಸರಿದರೆ ಪಂಪ್ ಹೀರಿ ಎತ್ತುತ್ತದೆ, ಇನ್ನೊಂದು ಕಡೆಗೆ ಸರಿದರೆ ಸಿಲಿಂಡರಿನ ಆಯಿಲ್ ಹೊರಬಿದ್ದು ಭಾರ ತಾನಾಗಿ ಇಳಿಯುತ್ತದೆ. ಈ ಇಡೀ ಓಡಾಟ ಕೆಲವೇ ಮಿಲಿಮೀಟರ್. ವಾಲ್ವಿಗೂ ಅದರ ತೂತಿಗೂ ನಡುವಿನ ಸಂದು ಕಣ್ಣಿಗೆ ಕಾಣದಷ್ಟು. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಅಷ್ಟು ಸಣ್ಣ ಸಂದು ಹಿಡಿದುಕೊಳ್ಳಲು ಒಂದು ತೆಳು ತುಕ್ಕಿನ ಪದರ ಸಾಕು. ತಯಾರಕರಿಗೂ ಇದು ಗೊತ್ತಿತ್ತು. ನಂತರದ ಮಾದರಿಗಳ ಪಂಪಿನಲ್ಲಿ ವಾಲ್ವನ್ನು ಸದಾ ನಡುಗಿಸುತ್ತಿರುವ ಆಸಿಲೇಟರ್ ಎಂಬ ಪುಟ್ಟ ಭಾಗ ಸೇರಿಸಿದ್ದು ಅದು ಅಂಟದಿರಲಿ ಎಂದೇ. ಆದರೆ ಗಾಡಿ ಓಡಿದರೆ ತಾನೇ ಅದು ನಡುಗುವುದು!

ಹೀಗೆ ನೋಡಿದರೆ ಲಕ್ಷಣವೇ ವಾಲ್ವ್ ಎಲ್ಲಿ ಸಿಕ್ಕಿದೆ ಎಂದು ಹೇಳುತ್ತದೆ. ಎತ್ತಿದ್ದು ಎತ್ತಿದಲ್ಲೇ ಇದ್ದು, ಲಿವರ್ ಎತ್ತ ಎಳೆದರೂ ಬದಲಾಗದಿದ್ದರೆ ವಾಲ್ವ್ ನಡುವೆ ಸಿಕ್ಕಿರಬಹುದು. ಲಿವರ್ ಕೆಳಗಿಳಿಸಿದರೂ ತೋಳುಗಳು ಮೇಲೇರಿ ತುದಿ ಮುಟ್ಟಿ, ಹೌಸಿಂಗಿನೊಳಗಿಂದ ಕೊರ್ರನೆ ಸದ್ದು ಬಂದರೆ ಅದು ಹೀರುವ ಕಡೆ ಸಿಕ್ಕಿದೆ. ಆ ಸದ್ದು 2,000 ಪಿಎಸ್‌ಐಗೂ ಮೀರಿದ ಒತ್ತಡದಲ್ಲಿ ರಿಲೀಫ್ ವಾಲ್ವ್ ಬಿಟ್ಟುಕೊಳ್ಳುತ್ತಿರುವುದರದು. ಕೂಡಲೇ ಎಂಜಿನ್ ನಿಲ್ಲಿಸಬೇಕು. ಏನು ಮಾಡಿದರೂ ಏಳದೆ, ಸದ್ದೂ ಇಲ್ಲದಿದ್ದರೆ ಇಳಿಸುವ ಕಡೆ ಸಿಕ್ಕಿರಬಹುದು, ಆಯಿಲ್ ಕಡಿಮೆ ಇರಬಹುದು, ಪಂಪಿಗೆ ಜಾಲರಿ ಫಿಲ್ಟರ್ ಇರುವ ಮಾದರಿಯಾದರೆ ಅದು ಕಟ್ಟಿರಬಹುದು. ಸದ್ದು ಬಂದೂ ಏಳದಿದ್ದರೆ ರಿಲೀಫ್ ವಾಲ್ವ್, ರ್‍ಯಾಮಿನ ಸೀಲು, ಪಂಪಿನಿಂದ ಮೇಲಕ್ಕೆ ಹೋಗುವ ಸ್ಟ್ಯಾಂಡ್ ಪೈಪಿನ ಓ-ರಿಂಗ್ ಇವುಗಳ ಕಡೆ ಯೋಚಿಸಬೇಕು. ಟಿಇ20ಯಂಥ ತೀರ ಹಳೆಯ ಗಾಡಿ ಸಂಗ್ರಹಿಸಿ ಇಟ್ಟುಕೊಂಡವರು ಇನ್ನೊಂದು ಸಂಗತಿ ನೆನಪಿಡಬೇಕು. ಅದರಲ್ಲಿ ಪಿಟಿಒ (ಎಂಜಿನ್ನಿನ ಶಕ್ತಿಯನ್ನು ಉಪಕರಣಕ್ಕೆ ಕೊಡುವ ಶಾಫ್ಟ್) ಲಿವರ್ ಹಾಕದಿದ್ದರೆ ಪಂಪ್ ತಿರುಗುವುದೇ ಇಲ್ಲ. ಕ್ಲಚ್ ತುಳಿದರೂ ನಿಂತುಹೋಗುತ್ತದೆ. ಎಷ್ಟೋ ‘ಹಿಡಿದ’ ಹೈಡ್ರಾಲಿಕ್ ಆ ಲಿವರ್ ಹಾಕಿದ ಕೂಡಲೇ ಎದ್ದದ್ದುಂಟು.

ಇನ್ನೊಂದು ಸುಳ್ಳು ದೂರು: ‘ಬರೀ ತೋಳು ಇಳಿಯಲ್ಲ.’ ಈ ಲಿಫ್ಟಿಗೆ ಎತ್ತುವುದಷ್ಟೇ ಗೊತ್ತು, ಒತ್ತುವುದು ಗೊತ್ತಿಲ್ಲ. ಭಾರವಿದ್ದರೆ ಇಳಿಯುತ್ತದೆ. ಬೆಳಗಿನ ತಂಪಿನಲ್ಲಿ, ದಪ್ಪ ಗೇರ್ ಆಯಿಲ್ ಹಾಕಿದ ಗಾಡಿಯಲ್ಲಿ ಖಾಲಿ ತೋಳು ಅರ್ಧದಲ್ಲೇ ನಿಂತರೆ ಅದು ರೋಗವಲ್ಲ. ಪರೀಕ್ಷೆಗೆ ಮುಂಚೆ ಕಲ್ಟಿವೇಟರನ್ನೋ, ಒಂದೆರಡು ಮರಳಿನ ಚೀಲವನ್ನೋ ಕಟ್ಟಿ ನೋಡಿ. ಜನ ಹತ್ತಿ ನಿಲ್ಲುವುದು ಬೇಡ.

ಈಗ ಬಿಚ್ಚದೆಯೇ ಮಾಡಬಹುದಾದ ಒಂದು ಪರೀಕ್ಷೆ. ಇದನ್ನು ಮಾಡುವವರು ಕಡಿಮೆ, ಆದರೆ ಅರ್ಧ ಗೊಂದಲ ಇದರಿಂದಲೇ ಪರಿಹಾರವಾಗುತ್ತದೆ. ಎಂಜಿನ್ ನಿಂತಿರಲಿ, ಉಪಕರಣ ಕಳಚಿರಲಿ, ಲಿವರ್ ಪೂರ್ತಿ ಕೆಳಗಿರಲಿ. ಇಬ್ಬರು ಒಂದೊಂದು ಬದಿ ಹಿಡಿದು ತೋಳುಗಳನ್ನು ಕೈಯಿಂದ ಮೇಲೆತ್ತಿ. ರ್‍ಯಾಮಿನ ರಾಡು ಪಿಸ್ಟನ್ನನ್ನು ಬರಿದೆ ತಳ್ಳುವಂತೆ ಕೂತಿರುತ್ತದೆ, ಅದಕ್ಕೆ ಪಿನ್ನು ಹೊಡೆದು ಕಟ್ಟಿರುವುದಿಲ್ಲ. ಹಾಗಾಗಿ ಪಿಸ್ಟನ್ ಎಲ್ಲೇ ಇದ್ದರೂ ತೋಳು ಕೈಗೆ ಏಳಬೇಕು. ಏಳದೇ ಇದ್ದರೆ ಲಿಫ್ಟ್ ಶಾಫ್ಟಿನ ಬುಷ್ ಒಣಗಿ ಬಿಗಿದಿದೆ, ವಾಲ್ವನ್ನು ಬೈಯುವುದರಲ್ಲಿ ಅರ್ಥವಿಲ್ಲ. ಸಲೀಸಾಗಿ ಎದ್ದು, ಬಿಟ್ಟಾಗ ಅರ್ಧ ದಾರಿಯಲ್ಲಿ ಠಕ್ಕೆಂದು ಕೂತರೆ ಶಾಫ್ಟ್ ಸರಿಯಿದೆ, ಪಿಸ್ಟನ್ ಆ ಜಾಗದಲ್ಲಿ ನಿಂತಿದೆ. ಅದರ ಹಿಂದೆ ಆಯಿಲ್ ಸಿಕ್ಕಿಕೊಂಡಿದೆಯೋ, ಪಿಸ್ಟನ್ನೇ ತುಕ್ಕಿಗೆ ಹಿಡಿದಿದೆಯೋ ಎಂಬುದು ಮುಚ್ಚಳ ತೆಗೆದ ಮೇಲೆ ತಿಳಿಯುತ್ತದೆ.

ಲಿವರೇ ಅಲುಗದಿದ್ದರೆ ತೊಂದರೆ ಮೇಲಿನದು. ಲಿವರ್ ಓಡಾಡುವ ಕಮಾನುಪಟ್ಟಿಯ, ಅಂದರೆ ಕ್ವಾಡ್ರಂಟಿನ, ಫ್ರಿಕ್ಷನ್ ವಾಷರ್ ಅತಿಯಾಗಿ ಬಿಗಿದಿರುತ್ತದೆ, ಇಲ್ಲವೇ ಲಿವರಿನ ಶಾಫ್ಟು ಕವರಿನ ತೂತಿನಲ್ಲಿ ತುಕ್ಕು ಹಿಡಿದಿರುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಹಗುರವಾಗಿ ಹಿಂದೆ ಮುಂದೆ ಆಡಿಸಬೇಕು. ಲಿವರಿಗೆ ಪೈಪು ಸಿಕ್ಕಿಸಿ ಜಗ್ಗುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಒಳಗಿನ ಫೋರ್ಕು ಬಾಗಿದರೆ ಆಗ ಕವರ್ ಎತ್ತಲೇಬೇಕಾಗುತ್ತದೆ. ಕಾಸಿನ ಕೆಲಸ ಸಾವಿರಕ್ಕೆ ಮುಟ್ಟುವುದು ಹೀಗೆ.

ಮುಚ್ಚಳ ತೆಗೆಯುವ ಮೊದಲಿನ ಎಚ್ಚರವನ್ನು ಎಷ್ಟು ಹೇಳಿದರೂ ಕಡಿಮೆ. ಉಪಕರಣ ಮೇಲೇ ಸಿಕ್ಕಿದ್ದರೆ ಅದರ ಅಡಿ ಯಾರೂ ತಲೆ ಹಾಕಬಾರದು. ಎರಡೂ ಬದಿಗೆ ಗಟ್ಟಿ ಮರದ ದಿಮ್ಮಿ ಕೊಟ್ಟು, ಜಾಕಿನಿಂದ ಭಾರ ದಿಮ್ಮಿಗೆ ಬರುವಂತೆ ಮಾಡಿ, ಆಮೇಲೆ ಪಿನ್ನು ಬಿಡಿಸಿ ಉಪಕರಣವನ್ನು ಗಾಡಿಯಿಂದ ಬೇರೆ ಮಾಡುವುದೇ ಒಳ್ಳೆಯದು. ವಾಲ್ವ್ ಬಿಟ್ಟ ಕ್ಷಣ ತೋಳು ಒಮ್ಮೆಲೇ ಬೀಳುತ್ತದೆ, ಮುನ್ಸೂಚನೆ ಇರುವುದಿಲ್ಲ. ಎಂಜಿನ್ ಓಡುತ್ತಿರುವಾಗ ಮುಚ್ಚಳದೊಳಗೆ ಕೈ ಹಾಕಿ ವಾಲ್ವ್ ಆಡಿಸುವುದನ್ನು ಕೆಲವರು ಜಾಣತನ ಎಂದುಕೊಂಡಿದ್ದಾರೆ. ಅಲ್ಲೇ ಪಕ್ಕದಲ್ಲಿ ಶಾಫ್ಟ್ ತಿರುಗುತ್ತಿರುತ್ತದೆ. ಒತ್ತಡದ ಆಯಿಲ್ ಸೂಜಿಯಂತೆ ಚಿಮ್ಮಿ ಚರ್ಮದೊಳಗೆ ಹೊಕ್ಕರೆ ಗಾಯ ಸಣ್ಣದಾಗಿ ಕಾಣುತ್ತದೆ, ಒಳಗೆ ಕೊಳೆಯುತ್ತದೆ. ಹಾಗಾದರೆ ಬ್ಯಾಂಡೇಜು ಕಟ್ಟಿ ಮನೆಯಲ್ಲಿ ಕೂರದೆ ನೇರ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಗಾಡಿ ಸಮ ನೆಲದಲ್ಲಿರಲಿ. ಮುಚ್ಚಳದ ಮಟ್ಟಕ್ಕಿಂತ ಕೆಳಗಿಳಿಯುವಷ್ಟು ಆಯಿಲ್ ಇಳಿಸಿಕೊಳ್ಳಿ. ಇಳಿಸುವಾಗ ಡ್ರೈನ್ ಪ್ಲಗ್ಗನ್ನು ಒಮ್ಮೆಲೇ ತೆಗೆಯದೆ, ಅರ್ಧ ಸಡಿಲಿಸಿ ಮೊದಲು ಏನು ಬರುತ್ತದೆ ನೋಡಿ. ಗಾಡಿ ಎರಡು ದಿನ ಅಲುಗದೆ ನಿಂತಿದ್ದರೆ ನೀರು ತಳದಲ್ಲಿ ಕೂತಿದ್ದು ಅದೇ ಮೊದಲು ಬರುತ್ತದೆ. ಆಯಿಲ್ ಹಾಲು ಬೆರೆಸಿದ ಕಾಫಿಯಂತಿದ್ದರೆ ಅನುಮಾನವೇ ಬೇಡ. ಬಣ್ಣ ಸರಿಯಿದ್ದೂ ಅನುಮಾನವಿದ್ದರೆ ಒಂದು ತಗಡನ್ನು ಚೆನ್ನಾಗಿ ಕಾಯಿಸಿ, ಉರಿಯಿಂದ ದೂರ ತಂದು, ಅದರ ಮೇಲೆ ಒಂದೇ ಒಂದು ಹನಿ ಬಿಡಿ. ಒಗ್ಗರಣೆಯ ಸಾಸಿವೆಯಂತೆ ಚಟಪಟ ಎಂದರೆ ನೀರಿದೆ.

ಮುಚ್ಚಳ ತೆಗೆದು ಟಾರ್ಚ್ ಬಿಟ್ಟರೆ ಮೇಲಿನಿಂದ ಇಳಿದುಬಂದ ಕಂಟ್ರೋಲಿನ ತೋಳು ಪಂಪಿನ ವಾಲ್ವಿಗೆ ಸೇರುವ ಜಾಗ ಕಾಣುತ್ತದೆ. ಒಬ್ಬರು ಸೀಟಿನ ಬಳಿ ಲಿವರನ್ನು ನಿಧಾನಕ್ಕೆ ಮೇಲೆ ಕೆಳಗೆ ಮಾಡಲಿ, ಇನ್ನೊಬ್ಬರು ನೋಡಲಿ. ಲಿವರಿನ ಜೊತೆ ಈ ಕಂಟ್ರೋಲಿನ ತೋಳು ಬಂದು ವಾಲ್ವ್ ಬಾರದಿದ್ದರೆ ಕಳ್ಳ ಸಿಕ್ಕಿದ. ತೋಳೇ ಬಾರದಿದ್ದರೆ ಲಿಂಕೇಜಿನ ಪಿನ್ನು ಕಳಚಿದೆ, ಇಲ್ಲವೇ ಫೋರ್ಕು ಜಾಗ ತಪ್ಪಿದೆ. ವಾಲ್ವ್ ಎರಡೂ ಕಡೆ ಸಲೀಸಾಗಿ ಓಡಾಡಿಯೂ ಎತ್ತುವ ತೋಳು ಇಳಿಯದಿದ್ದರೆ, ಆಗ ತಾನೇ ಪಿಸ್ಟನ್ ತುಕ್ಕು ಹಿಡಿದಿದೆ ಎನ್ನಬೇಕಾದ್ದು. ಕವರಿನ ಅಡಿಯ ಸಿಲಿಂಡರ್ ಆಯಿಲ್ ಮಟ್ಟಕ್ಕಿಂತ ಮೇಲಿರುವುದರಿಂದ ನಿಂತ ಗಾಡಿಯಲ್ಲಿ ಹೌಸಿಂಗಿನ ಬೆವರು ಅಲ್ಲಿ ತುಕ್ಕಿನ ಉಂಗುರ ಕಟ್ಟುತ್ತದೆ.

ಅಂಟಿದ ವಾಲ್ವನ್ನು ಬಿಡಿಸುವುದಕ್ಕೆ ತಾಳ್ಮೆಯೇ ಮುಖ್ಯ ಆಯುಧ. ಸುತ್ತಲಿನ ಜಿಡ್ಡನ್ನು ಡೀಸೆಲಿನಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ (ನೂಲು ಬಿಡುವ ಬನಿಯನ್ ವೇಸ್ಟ್ ಬೇಡ, ಆ ಎಳೆ ಹೋಗಿ ಜಾಲರಿಗೆ ಕೂರುತ್ತದೆ), ವಾಲ್ವ್ ಹೊರಬರುವ ಬಾಯಿಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆಯಿರಿ. ಹತ್ತು ಹನ್ನೆರಡು ಗಂಟೆ ಬಿಡಿ. ಆಮೇಲೆ ಗಟ್ಟಿ ಮರದ ಕಡ್ಡಿಯಿಂದ ವಾಲ್ವಿನ ತುದಿಯನ್ನು ಒಂದು ಸಲ ಒಳಕ್ಕೆ, ಒಂದು ಸಲ ಹೊರಕ್ಕೆ ಒತ್ತಿ. ಕೂದಲೆಳೆಯಷ್ಟು ಅಲುಗಿದರೂ ಗೆದ್ದಂತೆ. ಮತ್ತೆ ಸ್ಪ್ರೇ, ಮತ್ತೆ ಆಡಿಸುವುದು. ಬೆರಳಲ್ಲಿ ಎರಡೂ ಕಡೆಗೆ ಸಲೀಸಾಗಿ ಓಡುವವರೆಗೂ ಬಿಡಬೇಡಿ. ‘ಸ್ವಲ್ಪ ಬಿಗಿ ಇದೆ, ಓಡ್ತಾ ಓಡ್ತಾ ಸರಿಹೋಗುತ್ತೆ’ ಎಂದು ಮುಚ್ಚಿದರೆ ವಾರದೊಳಗೆ ಮತ್ತೆ ಬಿಚ್ಚುತ್ತೀರಿ. ಉಳಿ, ಸುತ್ತಿಗೆ ಬೇಡವೇ ಬೇಡ. ವಾಲ್ವಿನ ನುಣುಪು ಮೈಯನ್ನು ಇಕ್ಕಳದಲ್ಲಿ ಹಿಡಿದರೆ ಬೀಳುವ ಗೀರಿನಿಂದ ಆಯಿಲ್ ಸೋರಿ, ಎತ್ತಿದ ಉಪಕರಣ ತುಸು ಕುಸಿಯುವುದು, ಪಂಪ್ ಮತ್ತೆ ಎತ್ತುವುದು, ಹೀಗೆ ಬಿಕ್ಕಳಿಕೆ ಶುರುವಾಗುತ್ತದೆ. ಎಮರಿ ಕಾಗದವೂ ಅಷ್ಟೇ ಹಾನಿ, ತುಕ್ಕಿನ ಜೊತೆ ಅಳತೆಯನ್ನೂ ತಿಂದುಹಾಕುತ್ತದೆ.

ಎರಡು ಮೂರು ದಿನದಲ್ಲೂ ಬಿಡದಿದ್ದರೆ ಪಂಪ್ ಹೊರಗೆ ಬರಬೇಕು. ಅದು ಅಂಗಳದ ಕೆಲಸವಲ್ಲ, ಚೈನ್ ಪುಲ್ಲಿ ಇರುವ ಗ್ಯಾರೇಜಿನ ಕೆಲಸ. ಆದರೂ ಗಾಡಿಯ ಮಾಲೀಕರು ಎದುರು ನಿಂತು ಮೂರು ಸಂಗತಿ ಗಮನಿಸಬೇಕು. 35ರ ವಂಶದ ಗಾಡಿಗಳಲ್ಲಿ ಕವರ್ ಎತ್ತುವ ಮುನ್ನ ಸ್ಟ್ಯಾಂಡ್ ಪೈಪನ್ನು ಮೇಲಿನಿಂದ ಕಳಚಿರಬೇಕು. ಮರೆತು ಎತ್ತಿದರೆ ಪೈಪು ಬಾಗುತ್ತದೆ. ವಾಪಸ್ ಕೂರಿಸುವಾಗ ಅದರ ಓ-ರಿಂಗ್‌ಗಳು ಹೊಸವೇ ಇರಬೇಕು, ಆಯಿಲ್ ಸವರಿಯೇ ಇಳಿಸಬೇಕು. ಒಣ ರಿಂಗು ಅಂಚಿಗೆ ತಾಗಿ ಕತ್ತರಿಸಿಹೋಗಿ, ‘ಎಲ್ಲ ಹೊಸದು ಹಾಕಿದ್ರೂ ಎತ್ತಲ್ಲ’ ಎನ್ನುವ ಸ್ಥಿತಿ ಬರುತ್ತದೆ. ಇನ್ನು ಕವರ್ ಕೂತ ಮೇಲೆ, ಬೋಲ್ಟು ಬಿಗಿಯುವ ಮುನ್ನ, ಅದೇ ಪಕ್ಕದ ಮುಚ್ಚಳದ ಕಿಂಡಿಯಿಂದ ನೋಡಿ ಕಂಟ್ರೋಲಿನ ತೋಳು ವಾಲ್ವಿಗೆ ಸರಿಯಾಗಿ ಸಿಕ್ಕಿದೆಯೇ ಎಂದು ಖಚಿತ ಮಾಡಿಕೊಳ್ಳಬೇಕು. ಇಲ್ಲಿ ತಪ್ಪುವವರೇ ಹೆಚ್ಚು. ಎರಡನೇ ಸಲ ಕವರ್ ಎತ್ತಿಸಿದ ಮಜೂರಿ ಯಾರು ಕೊಡಬೇಕೆಂಬ ಜಗಳ ಅಲ್ಲಿಂದಲೇ ಏಳುವುದು.

ವಾಲ್ವ್ ಬಿಟ್ಟ ಮೇಲೆ ಹಳೆಯ ಆಯಿಲನ್ನೇ ಸೋಸಿ ಸುರಿಯಬೇಡಿ. ಇದೇ ಆಯಿಲ್ ಗೇರ್ ಬಾಕ್ಸಿಗೂ ಡಿಫರೆನ್ಷಿಯಲ್ಲಿಗೂ ಹೈಡ್ರಾಲಿಕ್ಕಿಗೂ ಒಂದೇ, ಆದ್ದರಿಂದ ಕೆಳಗಿನ ಡ್ರೈನ್ ಪ್ಲಗ್ ಎಷ್ಟಿವೆಯೋ ಅಷ್ಟನ್ನೂ ತೆಗೆಯಬೇಕು. ಮಾದರಿಗೆ ತಕ್ಕಂತೆ ಸುಮಾರು 25ರಿಂದ 30 ಲೀಟರ್ ಹಿಡಿಯುತ್ತದೆ. ಅಳತೆಗೆ ಡಿಪ್‌ಸ್ಟಿಕ್ಕೇ ಪ್ರಮಾಣ. ತೊಳೆಯಲು ಬರೀ ಡೀಸೆಲ್ ತುಂಬಿ ಓಡಿಸುವುದು ಗೇರಿಗೆ ಒಳ್ಳೆಯದಲ್ಲ. ಅಗ್ಗದ ಹೊಸ ಆಯಿಲಿಗೆ ನಾಲ್ಕೈದು ಲೀಟರ್ ಡೀಸೆಲ್ ಬೆರೆಸಿ, ಗಾಡಿಯನ್ನು ನಿಂತಲ್ಲೇ ನಿಧಾನದಲ್ಲಿ ಹತ್ತು ಹದಿನೈದು ನಿಮಿಷ ಓಡಿಸಿ, ಹಗುರ ಭಾರವನ್ನು ಇಪ್ಪತ್ತು ಮೂವತ್ತು ಸಲ ಎತ್ತಿ ಇಳಿಸಿ, ಬಿಸಿಯಿರುವಾಗಲೇ ಇಳಿಸಿಬಿಡಿ. ಆ ಮಿಶ್ರಣದಲ್ಲಿ ಹೊಲಕ್ಕೆ ಮಾತ್ರ ಇಳಿಯಬೇಡಿ. ಆಮೇಲೆ ಗಾಡಿಯ ಪುಸ್ತಕದಲ್ಲಿ ಹೇಳಿದ ದರ್ಜೆಯ ಟ್ರಾನ್ಸ್‌ಮಿಷನ್-ಹೈಡ್ರಾಲಿಕ್ ಆಯಿಲ್. ಎಂಜಿನ್ನಿನಿಂದ ಇಳಿಸಿದ ಸುಟ್ಟ ಆಯಿಲನ್ನು ‘ಇಲ್ಲಿಗೆ ನಡೆಯುತ್ತೆ’ ಎಂದು ಹಿಂದೆ ಸುರಿಯುವ ರೂಢಿ ಅನೇಕ ಕಡೆ ಇದೆ. ಅದರ ಮಸಿಯೂ ನೀರೂ ಸೇರಿ ಆಗುವ ಜಿಡ್ಡು ವಾಲ್ವಿಗೆ ತುಕ್ಕಿಗಿಂತ ಕೆಟ್ಟದ್ದು. ಇಳಿಸಿದ ಆಯಿಲನ್ನು ಬದುವಿಗೆ ಚೆಲ್ಲದೆ ಡಬ್ಬಿಯಲ್ಲಿ ತುಂಬಿ ಹಳೇ ಆಯಿಲ್ ಕೊಳ್ಳುವವರಿಗೆ ಕೊಡಿ.

ನೀರು ಬಂದದ್ದೆಲ್ಲಿಂದ ಎಂದು ಹುಡುಕದಿದ್ದರೆ ಇಷ್ಟೆಲ್ಲ ಮಾಡಿಯೂ ವ್ಯರ್ಥ. ಗೇರ್ ಲಿವರಿನ ಬುಡದ ರಬ್ಬರ್ ಬೂಟು ಹರಿದಿರುತ್ತದೆ, ಮಳೆನೀರು ಲಿವರಿನ ಮೈಮೇಲೆ ಇಳಿದು ನೇರ ಒಳಗೆ. ಆಯಿಲ್ ತುಂಬುವ ಮುಚ್ಚಳ ಕಳೆದುಹೋಗಿ ಜೋಳದ ಬೆಂಡು ಸಿಕ್ಕಿಸಿರುತ್ತಾರೆ. ಭತ್ತದ ಗದ್ದೆಯಲ್ಲಿ ಕೇಜ್ ವೀಲ್ ಹಾಕಿ ಕೆಸರು ಹೊಡೆಯುವ ಗಾಡಿಗಳಲ್ಲಿ ಆ್ಯಕ್ಸಲ್ ಸೀಲಿನ ಮೂಲಕವೂ ಬರುತ್ತದೆ. ಸರ್ವೀಸ್ ಸ್ಟೇಷನ್ನಿನ ಒತ್ತಡದ ನೀರು ಎಲ್ಲ ಸಂದಿಗೂ ನುಗ್ಗುತ್ತದೆ. ಬಹಳ ಜನ ನೋಡದ ಜಾಗ, ಉಪಕರಣವನ್ನು ಮೇಲಿನಿಂದ ಹಿಡಿಯುವ ಟಾಪ್ ಲಿಂಕ್ ಸೇರುವಲ್ಲಿನ ಡ್ರಾಫ್ಟ್ ಸ್ಪ್ರಿಂಗಿನ ರಬ್ಬರ್ ಬೂಟು. ಅದು ಹರಿದರೆ ನೀರೂ ಮಣ್ಣೂ ಸೇರಿ ಸ್ಪ್ರಿಂಗಿನ ಪ್ಲಂಜರ್ ಹಿಡಿದುಕೊಳ್ಳುತ್ತದೆ. ಆಗ ಉಪಕರಣದ ಎತ್ತರ ಹಿಡಿಯುವ ಪೊಸಿಷನ್ ಲಿವರಿಗೆ ಲಿಫ್ಟ್ ಕೇಳುತ್ತದೆ, ನೆಲದ ಎಳೆತಕ್ಕೆ ತಕ್ಕಂತೆ ಎತ್ತಿಳಿಸುವ ಡ್ರಾಫ್ಟ್ ಲಿವರಿಗೆ ಕೇಳುವುದಿಲ್ಲ, ಪಲ್ಟಿ ನೇಗಿಲು ಗಟ್ಟಿ ನೆಲಕ್ಕೆ ಸಿಕ್ಕಾಗ ಏಳದೆ ಎಂಜಿನ್ ಅದುಮಿ ನಿಲ್ಲುತ್ತದೆ. ಟಾಪ್ ಲಿಂಕ್ ಕಳಚಿ, ಸ್ಪ್ರಿಂಗಿನ ತುದಿಯನ್ನು ಕೈಯಿಂದ ಹಿಂದೆ ಮುಂದೆ ಜಗ್ಗಿ ನೋಡಿ. ಲೊಡಲೊಡ ಆಟ ಇರಬಾರದು. ಇದ್ದರೆ ಹೊಂದಿಸಬೇಕು, ಬೂಟು ಹೊಸದು ಹಾಕಬೇಕು.

ಟಿಪ್ಪಿಂಗ್ ಟ್ರೈಲರಿಗೆಂದು ಹೊರಗೆ ಕೂರಿಸಿದ ವಾಲ್ವ್ ಹಿಡಿದಿದ್ದರೆ ಕಥೆ ಸರಳ. ಸ್ಪೂಲಿನ, ಅಂದರೆ ವಾಲ್ವಿನೊಳಗೆ ಓಡಾಡುವ ಸರಳಿನ, ಒಂದು ತುದಿ ಲಿವರಿನ ಕಡೆ ಬಿಸಿಲು ಮಳೆಗೆ ತೆರೆದಿರುತ್ತದೆ, ಇನ್ನೊಂದು ತುದಿಯಲ್ಲಿ ನಡುವಿಗೆ ತರುವ ಸ್ಪ್ರಿಂಗಿನ ಟೊಪ್ಪಿಗೆ ಇರುತ್ತದೆ. ಟ್ರೈಲರ್ ಪೂರ್ತಿ ಇಳಿಸಿ, ಎಂಜಿನ್ ನಿಲ್ಲಿಸಿ, ಆ ಟೊಪ್ಪಿಗೆ ಬಿಚ್ಚಿದರೆ ಅನೇಕ ಸಲ ಒಳಗೆ ನೀರು ನಿಂತು ಸ್ಪ್ರಿಂಗು ತುಕ್ಕಾಗಿರುವುದು ಕಾಣುತ್ತದೆ. ಶುಚಿ ಮಾಡಿ ಗ್ರೀಸ್ ತುಂಬಿದರೆ ಮುಗಿಯಿತು. ಸ್ಪೂಲನ್ನೇ ಹೊರತೆಗೆದರೆ ಅದೇ ತೂತಿಗೆ, ಅದೇ ದಿಕ್ಕಿನಲ್ಲಿ ವಾಪಸ್ ಹೋಗಬೇಕು. ಬೇರೆ ವಾಲ್ವಿನ ಸ್ಪೂಲು ನೋಡಲು ಒಂದೇ ಇದ್ದರೂ ಹೊಂದುವುದಿಲ್ಲ.

ಕೃಷಿ ವಿಜ್ಞಾನ ಕೇಂದ್ರಗಳು ಹೊಸ ಯಂತ್ರಗಳ ಪ್ರಾತ್ಯಕ್ಷಿಕೆ ಮಾಡುತ್ತವೆ, ಸಂತೋಷ. ಮುಂಗಾರಿಗೆ ಮುಂಚೆ, ಏಪ್ರಿಲ್ಲಿನಲ್ಲಿ, ಒಂದು ಹಳೆಯ ಗಾಡಿ ನಿಲ್ಲಿಸಿ ಪಕ್ಕದ ಮುಚ್ಚಳ ತೆಗೆದು ವಾಲ್ವ್ ತೋರಿಸುವ ಒಂದು ಅರ್ಧ ದಿನ ಇಟ್ಟರೆ ರೈತರಿಗೆ ಪಂಪಿನ ದುಡ್ಡು ಉಳಿಯುತ್ತದೆ. ನಮ್ಮಂಥ ಮೆಕ್ಯಾನಿಕ್‌ಗಳು ಬಂದು ಕೈಜೋಡಿಸುವುದಕ್ಕೆ ಅಡ್ಡಿಯಿಲ್ಲ.

ಅದಕ್ಕೂ ಮೊದಲು, ಕೆಲಸವಿಲ್ಲದೆ ನಿಂತ ಗಾಡಿ ಇರುವವರು ಇವತ್ತೇ ಮಾಡಬಹುದಾದ್ದು: ತೋಳು ಇಳಿಸಿಯೇ ನಿಲ್ಲಿಸಿ, ಗೇರ್ ಲಿವರಿನ ಬುಡಕ್ಕೆ ಹಳೆಯ ಟ್ಯೂಬಿನ ತುಂಡನ್ನಾದರೂ ಬಿಗಿದು ಕಟ್ಟಿ. ಹದಿನೈದು ದಿನಕ್ಕೊಮ್ಮೆ ಚಾಲೂ ಮಾಡಿ, ಆಯಿಲ್ ಬೆಚ್ಚಗಾಗುವವರೆಗೆ ಓಡಿಸಿ, ಕಲ್ಟಿವೇಟರ್ ಕಟ್ಟಿಕೊಂಡೇ ಹತ್ತು ಸಲ ಎತ್ತಿ ಇಳಿಸಿ. ಐದು ನಿಮಿಷ ಓಡಿಸಿ ನಿಲ್ಲಿಸಿದರೆ ಒಳಗೆ ಬೆವರು ಕಟ್ಟುವುದು ಇನ್ನೂ ಹೆಚ್ಚು.

ಇಂತಿ,
ಹಳೆಯ ಟ್ರ್ಯಾಕ್ಟರ್ ರಿಪೇರಿ ಮಾಡುವ ಕೆಲವು ಓದುಗರು,
ದಾವಣಗೆರೆ